ದಿಂಬಿನ ತಗ್ಗು

"ಗುರುಗಳೇ, ತನಗೇ ನೆಮ್ಮದಿ ಇಲ್ಲದವನು ಇನ್ನೊಬ್ಬರಿಗೆ ನೆಮ್ಮದಿ ಕೊಡಬಲ್ಲನೇ?"

ಹೀಗೆ ಕೇಳಿದವನು ಅಡವೀಶ. ಮಠದಲ್ಲೇ ಓದಿ, ಮಠದ ಕೆಲಸವನ್ನೆಲ್ಲ ಹೆಗಲ ಮೇಲೆ ಹಾಕಿಕೊಂಡು ಬೆಳೆದ ಶಿಷ್ಯ. ಹೊಳೆಯಾಚೆಯ ಊರಿನಲ್ಲಿ ಒಂದು ಚಿಕ್ಕ ಮಠವಿತ್ತು. ಅಲ್ಲಿದ್ದ ಹಿರಿಯರು ತೀರಿಕೊಂಡ ಮೇಲೆ ಅದರ ಬಾಗಿಲು ಹಾಕಿತ್ತು. ಆ ವರ್ಷ ಆ ಊರಿಗೆ ಬೇನೆ ಬಂದು ಹೋಗಿತ್ತು. ಮಕ್ಕಳನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು ಬಂದು ಆ ಬಾಗಿಲ ಮುಂದೆ ಸುಮ್ಮನೆ ಕೂತು, ಎದ್ದು ಹೋಗುತ್ತಿದ್ದರು. ಗುರುಗಳು ಅಡವೀಶನಿಗೆ, "ನೀನು ಹೋಗಿ ಬಾಗಿಲು ತೆಗೆ" ಎಂದಿದ್ದರು. ಅವನು ಬಟ್ಟೆಯ ಗಂಟನ್ನೂ ಕಟ್ಟಿಕೊಂಡಿದ್ದ. ಆದರೆ ದೋಣಿಯ ಕಡೆಗೆ ನಡೆಯುವ ಬದಲು ಗುರುಗಳ ಮುಂದೆ ಬಂದು ಕೂತಿದ್ದ.

"ಯಾಕೆ ಹಾಗೆ ಕೇಳುತ್ತೀ?" ಎಂದರು ಗುರುಗಳು.

"ನಾನು ದಣಿದಿದ್ದೇನೆ. ಕೂತರೂ ನಿಂತರೂ ತಲೆಯೊಳಗೆ ಸಂತೆ. ಅಲ್ಲಿಯವರು ಬಂದು ಎದುರಿಗೆ ಕೂತರೆ ನಾನು ಏನನ್ನು ಕೊಡಲಿ? ಸ್ವಲ್ಪ ಕಾಲ ಗುಡ್ಡದ ಗವಿಯಲ್ಲಿದ್ದು, ಮನಸ್ಸು ತಿಳಿಯಾದ ಮೇಲೆ ಹೋಗುತ್ತೇನೆ. ಇಲ್ಲವೇ ಬೇರೆ ಯಾರನ್ನಾದರೂ ಕಳಿಸಿ."

ಗುರುಗಳಿಗೆ ಬೈಯುವ ಸ್ವಭಾವವಿತ್ತು. ಆವತ್ತು ಯಾಕೋ ಬೈಯಲಿಲ್ಲ. "ದೋಣಿಗೆ ಇನ್ನೂ ಹೊತ್ತಿದೆ. ಗಂಟು ಕೆಳಗಿಡು. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಮರದ ಹಲಗೆಯ ಮೇಲೆ ಚಿತ್ರ ಬರೆಯುವುದು ಅವನ ಕಸುಬು. ಕೈ ಬಹಳ ಚೆನ್ನಾಗಿತ್ತು. ಅವನು ಹುಣಸೆಕಾಯಿ ಬರೆದರೆ ನೋಡಿದವರ ಬಾಯಲ್ಲಿ ನೀರೂರುತ್ತಿತ್ತು. ಅವನು ಬರೆದ ಮೆಣಸಿನಕಾಯಿಯ ಹಲಗೆ ಮನೆಯಲ್ಲಿದ್ದರೆ ಸೊಸೆಯಂದಿರು ಕಣ್ಣೊರೆಸಿಕೊಂಡು ಓಡಾಡುತ್ತಿದ್ದರು ಎಂದು ಜನ ಹೇಳುತ್ತಿದ್ದರು. ಅದು ಅತ್ತೆಯಂದಿರ ಕಾಟಕ್ಕೆ ಇದ್ದರೂ ಇರಬಹುದು, ನನಗೆ ಗೊತ್ತಿಲ್ಲ.

ಆ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಒಂದು ಬಣ್ಣ ಬಳಿದರೆ, ಅದು ಆರುವ ತನಕ ಇನ್ನೊಂದನ್ನು ಮುಟ್ಟಿಸುವ ಹಾಗಿಲ್ಲ. ಹಸಿಯ ಮೇಲೆ ಹಸಿ ಬಿದ್ದರೆ ಎರಡೂ ಕೆಡುತ್ತವೆ. ಹಾಗಾಗಿ ಹಿಂದಿನವರು ಬಣ್ಣ ಬಳಿದು, ಕುಂಚ ತೊಳೆದಿಟ್ಟು, ಜಗಲಿಗೆ ಬಂದು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ದಾರಿಯಲ್ಲಿ ಹೋಗುವವರು ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, "ಆರಿಸುತ್ತಿದ್ದೇವೆ" ಎನ್ನುತ್ತಿದ್ದರು. ಒಳಗೆ ಬಣ್ಣ ಆರುತ್ತಿತ್ತು, ಹೊರಗೆ ದಣಿವು ಆರುತ್ತಿತ್ತು. ಎರಡಕ್ಕೂ ನಮ್ಮಲ್ಲಿ ಮಾತು ಒಂದೇ ತಾನೇ.

ನಮ್ಮ ಚಿತ್ರಗಾರ ಅವರಿಗಿಂತ ಬುದ್ಧಿವಂತ. ಹಾಗೆ ಕೂರುವುದು ದಂಡ ಎಂದುಕೊಂಡ. ಒಂದು ಹಲಗೆ ಆರುವಾಗ ಇನ್ನೊಂದಕ್ಕೆ ಬಣ್ಣ ಹಾಕಿದ. ಅದು ಆರುವಾಗ ಮತ್ತೊಂದನ್ನು ಹಿಡಿದ. ಅದೂ ಆರುವಷ್ಟರಲ್ಲಿ ಮೊದಲನೆಯದು ಸಿದ್ಧವಾಗಿರುತ್ತಿತ್ತು. ಮನೆ ತುಂಬ ಹಲಗೆ ಹರಡಿಕೊಂಡು ಗಾಣದ ಎತ್ತಿನ ಹಾಗೆ ಸುತ್ತಿದ. ಯಾರು ಬಂದು ಚಿತ್ರ ಬೇಕೆಂದರೂ "ಆಗಲಿ" ಎನ್ನುತ್ತಿದ್ದ. "ಆಗುವುದಿಲ್ಲ" ಎಂಬ ಮಾತಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ.

ಹೆಸರು ಬಂತು, ನಿದ್ದೆ ಹೋಯಿತು. ಮಲಗಿದರೆ ಅರ್ಧ ಬರೆದ ಹಲಗೆಗಳು ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ಒಂದರಲ್ಲಿ ಆಕಾಶವಿಲ್ಲ, ಇನ್ನೊಂದರಲ್ಲಿ ದೇವಿಗೆ ಮೂಗಿಲ್ಲ. ಕಾಲಿಲ್ಲದ ಕುದುರೆಯೊಂದು ಗಾಳಿಯಲ್ಲಿ ತೇಲಿ ಬಂದು, "ನನ್ನದು ಯಾವಾಗ?" ಎಂದು ಮರ್ಯಾದೆಯಿಂದ ಕೇಳುತ್ತಿತ್ತು. ಅವನು ಎದ್ದು ಕೂರುತ್ತಿದ್ದ. ನಗಬೇಡ, ನಿನ್ನ ತಲೆಯೊಳಗಿನ ಸಂತೆಯಲ್ಲೂ ಇಂಥ ಕುದುರೆಗಳೇ ಇರುವುದು.

ಅವನ ಹೆಂಡತಿ ಒಂದು ದಿನ ಹೇಳಿದಳು, "ಮನೆಯಲ್ಲಿರುವ ಹಲಗೆಗಳೆಲ್ಲ ಆರುತ್ತವೆ. ನೀವೊಬ್ಬರೇ ಹಸಿಯಾಗಿದ್ದೀರಿ."

ಅವನು ಅದಕ್ಕೂ "ಆಗಲಿ" ಎಂದ. ಏನು ಕೇಳಿಸಿಕೊಂಡನೋ ಅವನಿಗೇ ಗೊತ್ತಿಲ್ಲ.

ಅದೇ ಊರಿನಲ್ಲಿ ಒಬ್ಬ ಹತ್ತಿಯ ವರ್ತಕ. ಊರಿನ ಹಾಸಿಗೆಗಳಲ್ಲಿದ್ದದ್ದೆಲ್ಲ ಅವನ ಅಂಗಡಿಯ ಹತ್ತಿಯೇ. ಜನ ಅವನ ಹತ್ತಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು, ಅವನಿಗೆ ಮಾತ್ರ ನಿದ್ದೆ ಇರಲಿಲ್ಲ. ಎಣ್ಣೆ ಹಚ್ಚಿಸಿಕೊಂಡ, ಕಷಾಯ ಕುಡಿದ, ಹಾಡುವವರನ್ನು ಕರೆಸಿ ಮಂಚದ ಪಕ್ಕ ಕೂರಿಸಿಕೊಂಡ. ಹಾಡುವವರು ಅಲ್ಲೇ ತೂಕಡಿಸಿ ಒರಗಿದರು, ಅವನು ಅವರಿಗೆ ಹೊದಿಕೆ ಹೊದಿಸಿ ಎಚ್ಚರವಾಗಿ ಕೂತ. ಬರಬರುತ್ತ ಮಾತು ತಪ್ಪತೊಡಗಿತು. ಹೆಂಡತಿಯನ್ನು ಅಕ್ಕ ಎಂದು ಕರೆದ. ತನ್ನ ಅಂಗಡಿಯ ಮುಂದೆ ನಿಂತು ಇದು ಯಾರ ಅಂಗಡಿ ಎಂದು ಕೇಳಿದ. ಹೀಗೇ ಹೋದರೆ ಬುದ್ಧಿ ನಿಲ್ಲುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಅವನು ಹೆದರಿದ.

ಆಗ ಅವನಿಗೆ ಒಂದು ವಿಚಾರ ಹೊಳೆಯಿತು. ಹುಣಸೆಕಾಯಿಯ ಚಿತ್ರ ನೋಡಿದರೆ ಬಾಯಲ್ಲಿ ನೀರು ಬರುವುದಾದರೆ, ನಿದ್ದೆಯ ಚಿತ್ರ ನೋಡಿದರೆ ನಿದ್ದೆ ಬರಬೇಕಲ್ಲ? ವರ್ತಕನ ಲೆಕ್ಕ, ತಪ್ಪು ಹುಡುಕುವುದು ಕಷ್ಟ. ಪಕ್ಕದ ಊರಿನಲ್ಲಿ ಇನ್ನೊಬ್ಬ ಚಿತ್ರಗಾರನಿದ್ದ. ಅವನು ನೆಮ್ಮದಿಯ ಮನುಷ್ಯ, ಉಂಡು ಮಲಗಿದರೆ ಮನೆಗೆ ಕಳ್ಳ ಬಂದು ಹೋದರೂ ತಿಳಿಯದು. ನಿದ್ದೆ ಬಲ್ಲವನು ಇವನೇ ಎಂದುಕೊಂಡು ವರ್ತಕ ಮೊದಲು ಅವನಿಂದ ಬರೆಸಿದ. ಹಲಗೆಯಲ್ಲಿ ಒಬ್ಬ ಮನುಷ್ಯ ಮಲಗಿದ್ದ. ಎಷ್ಟು ಚೆನ್ನಾಗಿ ಮಲಗಿದ್ದ ಎಂದರೆ ಉಸಿರು ಕೇಳಿಸುತ್ತದೆಯೇ ಎಂದು ಜನ ಕಿವಿ ಕೊಡುತ್ತಿದ್ದರು. ವರ್ತಕ ಅದನ್ನು ಮಂಚದ ಎದುರಿಗೆ ಇಟ್ಟುಕೊಂಡು ನೋಡಿದ. ನೋಡಿದಷ್ಟೂ ಹೊಟ್ಟೆಕಿಚ್ಚು ಬಂತು. ಇದ್ದ ಅರೆನಿದ್ದೆಯೂ ಹೋಯಿತು.

ಕೊನೆಗೆ ನಮ್ಮ ಚಿತ್ರಗಾರನ ಮನೆಗೆ ಬಂದ. ಕಣ್ಣು ಕೆಂಪಗಿದ್ದವು. "ಆ ಚಿತ್ರದವನು ತಾನು ಮಲಗಿದ, ನನ್ನನ್ನು ಮಲಗಿಸಲಿಲ್ಲ. ನೀನು ನನಗೆ ನಿದ್ದೆ ಬರುವಂಥದ್ದು ಬರೆದುಕೊಡಬೇಕು. ಮನುಷ್ಯನಷ್ಟು ಉದ್ದ ಇರಬೇಕು. ಇಲ್ಲವೆಂದರೆ ನಾನು ಬದುಕುವುದಿಲ್ಲ" ಎಂದ.

ಚಿತ್ರಗಾರ "ಆಗಲಿ" ಎಂದ. ತನ್ನ ಮನೆಯಲ್ಲೇ ಇಲ್ಲದ ಸಾಮಾನನ್ನು ಮಾರಲು ಒಪ್ಪಿಕೊಂಡಿದ್ದ.

ಮೊದಲು ಅವನು ಮಲಗಿದವರನ್ನು ನೋಡಲು ಹೋದ. ಮಧ್ಯಾಹ್ನ ಗಾಡಿಯ ನೆರಳಿನಲ್ಲಿ ಮಲಗಿದ್ದ ಗಾಡಿಯವರನ್ನು ನೋಡಿದ. ನೆರೆಮನೆಯ ತೊಟ್ಟಿಲಿನ ಕೂಸನ್ನು ನೋಡಿದ. ಬಂದು ಸಣ್ಣ ಹಲಗೆಯ ಮೇಲೆ ಒಬ್ಬ ಮಲಗಿದವನನ್ನು ಬರೆದು ಹೆಂಡತಿಗೆ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಇವನು ಮಲಗಿಲ್ಲ" ಎಂದಳು. "ಕಣ್ಣು ಮುಚ್ಚಿಕೊಂಡು ನಾಳೆಯ ಕೆಲಸ ನೆನೆಸಿಕೊಳ್ಳುತ್ತಿದ್ದಾನೆ. ಹಲ್ಲು ಕಚ್ಚಿಕೊಂಡಿರುವುದು ನೋಡಿ."

ನೋಡಿದರೆ ಹೌದು. ಬರೆದದ್ದು ಗಾಡಿಯವನನ್ನಲ್ಲ, ಕೂಸನ್ನಲ್ಲ, ತನ್ನನ್ನೇ. ಚಿತ್ರಗಾರ ಅದನ್ನು ಒರೆಸಿದ. ಇನ್ನೊಂದು ಬರೆದ. ಅದರಲ್ಲಿ ಮಲಗಿದವನು ತೀರಿಹೋದವನ ಹಾಗೆ ಕಂಡ. ಹೆಂಡತಿ ಶಾಂತಂ ಪಾಪಂ ಎಂದು ತಾನೇ ಒರೆಸಿದಳು. ಚಿತ್ರಗಾರ ಅಲ್ಲೇ ಗೋಡೆಗೆ ತಲೆ ಕೊಟ್ಟು ಅತ್ತುಬಿಟ್ಟ. ತನ್ನ ಕೈಗೆ ಬಾರದ್ದು ಲೋಕದಲ್ಲಿ ಒಂದಿದೆ, ಅದು ದನಕರುಗಳಿಗೂ ಬರುತ್ತದೆ, ತನಗೆ ಬರುವುದಿಲ್ಲ ಎಂದು ದುಃಖವಾಯಿತು.

ವರ್ತಕ ಕಳಿಸಿದ ಹಲಗೆ ಬಂತು. ಅದು ಮಂಚಕ್ಕಿಂತ ದೊಡ್ಡದು. ಗೋಡೆಗೆ ನಿಲ್ಲಿಸಿದರೆ ಸೂರಿಗೆ ತಾಗುತ್ತಿತ್ತು. ನೆಲದ ಮೇಲೆ ಮಲಗಿಸಿದರೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಉಳಿದ ಹಲಗೆಗಳನ್ನೆಲ್ಲ ಹೊರಗೆ ಸಾಗಿಸಿ ನೆರೆಮನೆಯ ಕೊಟ್ಟಿಗೆಯಲ್ಲಿ ಜೋಡಿಸಬೇಕಾಯಿತು. ಕಾಲಿಲ್ಲದ ಕುದುರೆಯೂ ಅಲ್ಲಿಗೆ ಹೋಯಿತು. ಎಷ್ಟೋ ವರ್ಷಗಳ ಮೇಲೆ ಚಿತ್ರಗಾರನ ಎದುರಿಗೆ ಒಂದೇ ಹಲಗೆ ಇತ್ತು, ಅದರ ಮೇಲೆ ಏನೂ ಇರಲಿಲ್ಲ.

ಅವನು ಅದರ ಅಂಚಿನಲ್ಲಿ ಕೂತ. ಮಲಗುವವನನ್ನು ಕಡೆಗೆ ನೋಡಿಕೊಂಡರಾಯಿತು, ಮೊದಲು ಜಾಗ ಬರೆಯೋಣ ಎಂದುಕೊಂಡ. ಕಸುಬಿನ ಕ್ರಮವೂ ಅದೇ. ಮೊದಲು ನೆಲ, ಆಮೇಲೆ ಸಾಮಾನು, ಕಟ್ಟಕಡೆಗೆ ಮನುಷ್ಯರು.

ಎಂಥ ಜಾಗ? ತನಗೆ ಎಲ್ಲಿ ಮಲಗಬೇಕು ಎನ್ನಿಸುತ್ತಿದೆಯೋ ಅಂಥ ಜಾಗ. ಅದನ್ನು ಯೋಚಿಸಬೇಕಾಗಲೇ ಇಲ್ಲ. ಹಸಿದವನಿಗೆ ಅನ್ನ ಹೇಗಿರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಿಸಿದ ನೆಲ ಬರೆದ, ಅಂಗಾಲಿಗೆ ತಣ್ಣಗೆ ತಾಗುವಂಥ ನೆಲ. ನೆರಳು ಬರೆದ, ಅಡ್ಡ ಬಂದು ಸುಮ್ಮನೆ ಬಿದ್ದಿರುವ ಕಂಬದ ನೆರಳು. ಬಿದಿರಿನ ತಟ್ಟಿ ಇಳಿಬಿಟ್ಟ ಬಾಗಿಲು, ಅದರ ಸಂದಿನಿಂದ ಬರುವ ಬೇವಿನ ಗಾಳಿ. ಗಾಳಿಯನ್ನು ಹೇಗೆ ಬರೆದ ಎಂದು ಕೇಳಬೇಡ. ತಟ್ಟಿಯ ತುದಿ ಇಷ್ಟೇ ಇಷ್ಟು ಎದ್ದಿತ್ತು. ಮುಚ್ಚಳ ಹಾಕಿದ ನೀರಿನ ಚೆಂಬು ಕೈಗೆಟಕುವಲ್ಲಿ ಇತ್ತು. ಆ ಬಾಗಿಲಿನಾಚೆ ಯಾರೋ ಇನ್ನೊಬ್ಬರಿಗೆ "ಮೆಲ್ಲಗೆ, ಒಳಗೆ ಮಲಗಿದ್ದಾರೆ" ಎಂದು ಹೇಳಿ, ಹೆಜ್ಜೆ ಸಪ್ಪಳ ಮಾಡದೆ ಆಚೆ ಹೋದ ಹಾಗಿತ್ತು. ನಡುವೆ ಒಂದು ಚಾಪೆ ಹಾಸಿದ. ಒಂದೊಂದು ಎಳೆಯನ್ನೂ ಬರೆದ. ಬೇಕು, ಬೇಕು ಎನ್ನುತ್ತಲೇ ಬರೆದ.

ಕೊನೆಗೆ ದಿಂಬು. ಹಲಗೆಯಲ್ಲಿ ಉಬ್ಬಿ ಕಾಣಬೇಕಾದ್ದನ್ನು ಆ ಕಸುಬಿನವರು ಬರಿಯ ಬಣ್ಣದಲ್ಲಿ ಮಾಡುವುದಿಲ್ಲ. ಹುಣಸೆಬೀಜದ ಅಂಟಿಗೆ ಬಿಳಿಕಲ್ಲಿನ ಪುಡಿ ಕಲಸಿ, ಬೇಕಾದ ಎತ್ತರಕ್ಕೆ ಮೆತ್ತುತ್ತಾರೆ. ಹಸಿಯಿದ್ದಾಗ ಬೆಣ್ಣೆ, ಆರಿದ ಮೇಲೆ ಕಲ್ಲು. ಚಿತ್ರಗಾರ ಚಾಪೆಯ ತಲೆಯ ಕಡೆಗೆ ಒಂದು ಗುಂಡನೆಯ ದಿಂಬು ಮೆತ್ತಿದ. ಇನ್ನು ಅದು ಆರಬೇಕು. ಆಮೇಲೆ ಮಲಗುವವನನ್ನು ಬರೆಯಬೇಕು.

ಕುಂಚ ತೊಳೆದ. ಅಭ್ಯಾಸದಂತೆ ಮುಂದಿನ ಹಲಗೆಗೆ ತಿರುಗಿದ. ಮುಂದಿನ ಹಲಗೆ ಇರಲಿಲ್ಲ. ಹೊರಗೆ ಹೋಗೋಣವೆಂದರೆ ಬಿಸಿಲು ಉರಿಯುತ್ತಿತ್ತು. ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಚಾಪೆಯ ಬಣ್ಣ ಆಗಲೇ ಆರಿತ್ತು, ಅದರ ಮೇಲೆ ಕೂತ. ಕೂತಾಗ ಕಂಬದ ನೆರಳು ಅವನ ಕಾಲ ಮೇಲೆ ಬಿತ್ತು. ತಟ್ಟಿಯ ತುದಿ ಇನ್ನೊಂದಿಷ್ಟು ಎದ್ದ ಹಾಗೆ ಕಂಡಿತು. ಬೇವಿನ ವಾಸನೆ ಬಂತು. ಆಚೆ ಯಾರೋ "ಮೆಲ್ಲಗೆ" ಎಂದರು. ಕಾಲಿಲ್ಲದ ಕುದುರೆ ಬಂದು ಬಾಗಿಲಲ್ಲಿ ಇಣುಕಿತು. ಏನನ್ನೂ ಕೇಳಲಿಲ್ಲ, ಇಲ್ಲದ ಕಾಲನ್ನು ಗಾಳಿಯಲ್ಲೇ ಮಡಿಸಿಕೊಂಡು ಮಲಗಿತು. ಚಿತ್ರಗಾರ ತಾನು ಬರೆದ ದಿಂಬಿನ ಮೇಲೆ ತಲೆಯಿಟ್ಟ.

ಹೆಂಡತಿ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು. ಅನ್ನ ಮುಚ್ಚಿಟ್ಟು ಬಂದು, ಹೊರಗೆ ಹೊಸ್ತಿಲ ಮೇಲೆ ಕಾವಲು ಕೂತಳು.

ಮರುದಿನ ಬೆಳಗ್ಗೆ ವರ್ತಕನ ಗಾಡಿಯ ಸದ್ದಿಗೆ ಚಿತ್ರಗಾರನಿಗೆ ಎಚ್ಚರವಾಯಿತು. ಎದ್ದು ತಲೆ ಮುಟ್ಟಿಕೊಂಡರೆ ಕೂದಲಿಗೆ ಬಿಳಿಯ ಪುಡಿ ಹತ್ತಿತ್ತು. ದಿಂಬಿನ ಕಡೆ ನೋಡಿದ. ನಟ್ಟನಡುವೆ ಅವನ ತಲೆಯಷ್ಟು ತಗ್ಗು ಬಿದ್ದಿತ್ತು. ಒಂದು ಕಡೆ ಕಿವಿಯ ಗುರುತು. ಪೂರ್ತಿ ಆರಿ ಕಲ್ಲಾಗಿತ್ತು. ಉಜ್ಜುವ ಹಾಗಿಲ್ಲ, ಕೆತ್ತಿದರೆ ಹಲಗೆಯೇ ಸೀಳುತ್ತದೆ. ಬಣ್ಣ ಹಸಿಯಿದ್ದಾಗ ಅದರ ಮೇಲೆ ಬಿದ್ದ ಚಿತ್ರಗಾರ ಎಂದರೆ ಆ ಕಸುಬಿನವರಲ್ಲಿ ತಲೆತಲಾಂತರಕ್ಕೆ ನಗೆಪಾಟಲು.

ವರ್ತಕ ಒಳಗೆ ಬಂದ. ಇನ್ನೂ ಸೊರಗಿದ್ದ. ಹಲಗೆಯನ್ನು ನೋಡಿದ.

"ಮಲಗಿರುವವನು ಎಲ್ಲಿ?" ಎಂದ.

"ಅವನನ್ನು ಬರೆಯಲಿಲ್ಲ, ಧಣಿ. ದಿಂಬೂ ಕೆಟ್ಟಿತು. ಆರುವ ತನಕ ಕಾಯುತ್ತಿದ್ದೆ, ತಡೆಯಲಾಗಲಿಲ್ಲ. ತಲೆಯಿಟ್ಟುಬಿಟ್ಟೆ."

"ನಿನಗೆ ನಿದ್ದೆ ಬಂತೇ?"

"ಬಂತು."

ಚಿತ್ರಗಾರ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ. ವರ್ತಕ ಬಗ್ಗಿ ಆ ತಗ್ಗಿನಲ್ಲಿ ಕೈಯಿಟ್ಟ. ಯಾರೋ ಈಗಷ್ಟೇ ಎದ್ದು, ನನಗಾಯಿತು, ಇನ್ನು ನೀನು ಬಾ ಎಂದು ಬಿಟ್ಟುಹೋದ ಜಾಗದ ಹಾಗಿತ್ತು ಅದು. ಅಷ್ಟು ದೊಡ್ಡ ಮನುಷ್ಯ, ಚಪ್ಪಲಿ ಬಿಟ್ಟ, ರುಮಾಲು ತೆಗೆದು ಪಕ್ಕಕ್ಕಿಟ್ಟ. "ಅಳತೆ ಸರಿಯಾಗಿದೆಯೋ ನೋಡುತ್ತೇನೆ" ಎಂದು ಹೇಳಿ ಚಾಪೆಯ ಮೇಲೆ ಒರಗಿದ. ಹಾಗೆ ಹೇಳದೆ ಒರಗಲು ಅವನಿಗೆ ನಾಚಿಕೆಯಾಯಿತು. ತಲೆ ತಗ್ಗಿನಲ್ಲಿ ಕೂತಿತು. ಅದು ಕಲ್ಲಿನಷ್ಟು ಗಟ್ಟಿ. ಹತ್ತಿಯ ವರ್ತಕನಿಗೆ ಅದು ಗೊತ್ತಾಗುವ ಮೊದಲೇ ಕಣ್ಣು ಎಳೆದವು.

ಗಾಡಿಯವನು ಹೊರಗೆ ಕಾದು ಕಾದು, ಧಣಿಗಳು ಎಲ್ಲಿ ಎಂದು ಕೂಗಿದ. ಚಿತ್ರಗಾರನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಗಾಡಿಯವನು ಎತ್ತಿನ ಕೊರಳ ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತ.

ವರ್ತಕ ಸಂಜೆಗೆ ಎದ್ದ. ಹೆಂಡತಿಯ ಹೆಸರು ಅವನಿಗೆ ಸರಿಯಾಗಿ ನೆನಪಿತ್ತು. ಇನ್ನು ಇದರ ಮೇಲೆ ಒಂದು ಗೆರೆಯನ್ನೂ ಎಳೆಯಬೇಡ ಎಂದು ಹೇಳಿ ಹಲಗೆಯನ್ನು ಮನೆಗೆ ಒಯ್ದ. ಮಂಚ ತೆಗೆಸಿ ಅದನ್ನು ನೆಲದ ಮೇಲೆ ಹಾಸಿಸಿದ. ಆಮೇಲೆ ಆ ಮನೆಗೆ ನೆಂಟರು ಬರುವುದು ಹೆಚ್ಚಾಯಿತು ಎನ್ನುತ್ತಾರೆ. ಬಂದವರು ಕೈಕಾಲು ತೊಳೆದುಕೊಂಡು, ಹಲಗೆ ಯಾವ ಕೋಣೆಯಲ್ಲಿದೆ ಎಂದು ಮೊದಲು ಕೇಳುತ್ತಿದ್ದರಂತೆ.

ಚಿತ್ರಗಾರ ಏನಾದ ಎಂದರೆ, ಅವನು ಕೊಟ್ಟಿಗೆಯಿಂದ ಹಲಗೆಗಳನ್ನು ಮತ್ತೆ ತಂದು ಹರಡಿಕೊಂಡ. ಕುದುರೆಗೆ ಕಾಲು ಬರೆದ. ಹೆಸರು ಇನ್ನೂ ದೊಡ್ಡದಾಯಿತು, ಬಂದವರಿಗೆಲ್ಲ "ಆಗಲಿ" ಎಂದ, ಮತ್ತೆ ಸುತ್ತತೊಡಗಿದ. ನಿದ್ದೆ ಅವನಿಗೆ ಆವತ್ತು ಬಂದದ್ದೇ ಬಂದದ್ದು, ಆಮೇಲೆ ಅಪರೂಪ. ಮನುಷ್ಯ ಅಷ್ಟು ಬೇಗ ಸುಧಾರಿಸುವ ಪ್ರಾಣಿಯಲ್ಲ. ನೆಮ್ಮದಿಯಿದ್ದ ಆ ಇನ್ನೊಬ್ಬ ಚಿತ್ರಗಾರ ಈ ಹಲಗೆಯನ್ನು ನೋಡಲು ಬಂದ. ಬರಿಯ ಚಾಪೆ ಬರೆದಿದ್ದಾನಲ್ಲ, ಇದರಲ್ಲಿ ಏನಿದೆ ಎಂದು ಆಕಳಿಸಿ ಹೋದ.

ಗುರುಗಳು ಕತೆ ನಿಲ್ಲಿಸಿದರು. ಹೊಳೆಯ ಕಡೆಯಿಂದ ಅಂಬಿಗ ಒಮ್ಮೆ ಕೂಗಿದ್ದು ಕೇಳಿಸಿತು. ಅಡವೀಶ ಯಾವಾಗಲೋ ಕಂಬಕ್ಕೆ ಒರಗಿದ್ದ. ಬಿಗಿಹಿಡಿದಿದ್ದ ಹೆಗಲು ಇಳಿದಿತ್ತು. ಅವನು ಮೆಲ್ಲಗೆ ಕೇಳಿದ.

"ಗುರುಗಳೇ, ಮಲಗುವವನನ್ನು ಆ ಚಿತ್ರದಲ್ಲಿ ಯಾರೂ ಕೊನೆಗೂ ಬರೆಯಲಿಲ್ಲವೇ?"

"ಬರೆಯಲು ಜಾಗ ಎಲ್ಲಿತ್ತಪ್ಪ, ಇಷ್ಟು ಹೊತ್ತೂ ಅಲ್ಲಿ ನೀನೇ ಮಲಗಿದ್ದೆಯಲ್ಲ, ಏಳು, ಹೊಳೆಯಾಚೆ ಇನ್ನೊಬ್ಬರು ಕಾಯುತ್ತಿದ್ದಾರೆ."